ಚೇಂದಮಂಗಲದ ಯಹೂದ್ಯ ಪ್ರಾರ್ಥನಾಮಂದಿರ

ಕೇರಳದ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲಂ, ಪೆರಿಯಾರ್ ಸೀಮೆಯ ಪುಟ್ಟ ಊರು. ದೇವಾಲಯ, ಮಸೀದಿ, ಚರ್ಚು ಮತ್ತು ಯಹೂದ್ಯರ ಪ್ರಾರ್ಥನಾಮಂದಿರ ಇಲ್ಲಿ ಒಂದಕ್ಕೊಂದು ಸಮೀಪದಲ್ಲಿಯೇ ಇವೆ. ಯಹೂದ್ಯರ ಮಂದಿರವನ್ನು ಮಲಯಾಳಿಗಳು 'ಜೂತಪ್ಪಳ್ಳಿ' ಎನ್ನುತ್ತಾರೆ. ಚರ್ಚು, ಮಸೀದಿಗಳಿಗೂ ಅವರಲ್ಲಿ 'ಪಳ್ಳಿ' ಎಂದೇ ಹೆಸರು. ಪ್ರಾಚೀನ ತಮಿಳು ಶಾಸನಗಳಲ್ಲಿ ಜೈನರ ನೆಲೆಗಳನ್ನು ಸೂಚಿಸುವುದೂ ಇದೇ ಪದ. ಕನ್ನಡದ 'ಹಳ್ಳಿ'ಯೂ ಇದರ ಜ್ಞಾತಿ. ಒಂದು ನುಡಿ ಇಷ್ಟು ಮತಗಳಿಗೆ ಆಶ್ರಯವಿತ್ತದ್ದು ಆ ನಾಡಿನ ಸಹಬಾಳ್ವೆಗೆ ಸಾಕ್ಷಿ.

ಈ ಸಹಬಾಳ್ವೆಗೆ ಲಿಖಿತ ಆಧಾರವೂ ಉಂಟು. ಕ್ರಿ.ಶ. 1000ದ ಸುಮಾರಿಗೆ ಚೇರದೊರೆ ಭಾಸ್ಕರ ರವಿವರ್ಮನು ಯಹೂದ್ಯ ಪ್ರಮುಖ ಜೋಸೆಫ್ ರಬ್ಬಾನನಿಗೆ 72 ಹಕ್ಕುಗಳನ್ನು ತಾಮ್ರಪಟದ ಮೂಲಕ ದಯಪಾಲಿಸಿದನು. ಕರ್ನಾಟಕಕ್ಕೂ ಈ ಕಡಲ ವ್ಯಾಪಾರದ ನಂಟಿತ್ತು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಗೆನೀಜಾ ಭಂಡಾರದಲ್ಲಿ ದೊರೆತಿವೆ.

ಚೇಂದಮಂಗಲದ ಮಂದಿರದ ಮುಂದೆ ಹೀಬ್ರೂ ಲಿಪಿಯ ಸಮಾಧಿಶಿಲೆಯೊಂದು ನಿಂತಿದೆ. ಇಸ್ರೇಲ್ ಎಂಬವನ ಮಗಳು ಸಾರಾ 1269ರಲ್ಲಿ ತೀರಿಕೊಂಡಳೆಂದು ಅದು ತಿಳಿಸುತ್ತದೆ. ಭಾರತದಲ್ಲಿ ದೊರೆತ ಹೀಬ್ರೂ ಸಮಾಧಿಲೇಖಗಳಲ್ಲಿ ಇದು ಅತಿ ಪ್ರಾಚೀನವೆಂದು ಪ್ರಸಿದ್ಧ. ಆಕೆ ರಾಣಿಯಲ್ಲ, ದಾನಿಯೆಂದೂ ಖ್ಯಾತಳಲ್ಲ. ಆದರೂ ಒಂದು ಸಮುದಾಯದ ಪ್ರಾಚೀನತೆಯನ್ನು ಸಾರಲು ಉಳಿದುದು ಆಕೆಯ ಹೆಸರೇ.

ಮಂದಿರದ ಒಳಗೆ ಬಣ್ಣದ ಮರದ ಮುಚ್ಚಿಗೆ, ಧರ್ಮಗ್ರಂಥದ ಸುರುಳಿಗಳನ್ನಿರಿಸುವ ಕೆತ್ತನೆಯ ಗೂಡು, ನಡುವೆ ಪಾರಾಯಣದ ವೇದಿಕೆ. ಮೇಲುಪ್ಪರಿಗೆಯಲ್ಲಿ ಸ್ತ್ರೀಯರ ಸ್ಥಳದ ಮುಂದೆ ಎರಡನೆಯ ಪಾರಾಯಣ ವೇದಿಕೆಯಿರುವುದು ಕೇರಳದ ಯಹೂದ್ಯ ಮಂದಿರಗಳ ವೈಶಿಷ್ಟ್ಯ.

1950ರ ದಶಕದಲ್ಲಿ ಇಲ್ಲಿನ ಯಹೂದ್ಯರು ಇಸ್ರೇಲಿಗೆ ತೆರಳಿದರು. ಅವರನ್ನು ಯಾರೂ ಓಡಿಸಲಿಲ್ಲ. ಶತಮಾನಗಳಿಂದ ಪ್ರಾರ್ಥನೆಯಲ್ಲಿ ನೆನೆದ ನಾಡು ಕರೆಯಿತು. ಹತ್ತು ಮಂದಿ ವಯಸ್ಕ ಪುರುಷರು ಸೇರದೆ ಅವರಲ್ಲಿ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗದು. ಜನ ಹೋದ ಮೇಲೆ ಮಂದಿರ ಮೌನವಾಯಿತು. ಜೀರ್ಣೋದ್ಧಾರದ ನಂತರ 2006ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು.

ಗೋಡೆ ಉಳಿದರೆ ಪರಂಪರೆ ಉಳಿದಂತೆಯೇ? ಕೇರಳದ ಯಹೂದ್ಯ ಸ್ತ್ರೀಯರು ಮದುವೆ, ಹಬ್ಬಗಳಲ್ಲಿ ಮಲಯಾಳಂ ಹಾಡುಗಳನ್ನು ಹಾಡುತ್ತಿದ್ದರು; ಅವನ್ನು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು ಇಸ್ರೇಲಿಗೂ ಕೊಂಡೊಯ್ದರು. ಮಂದಿರ ಇಲ್ಲಿ ಉಳಿಯಿತು, ಹಾಡು ಅಲ್ಲಿಗೆ ಹೋಯಿತು. ಈ ಎರಡನ್ನೂ ಒಟ್ಟಾಗಿ ಓದಿದಾಗಲೇ ಚೇಂದಮಂಗಲದ ಯಹೂದ್ಯರ ಚರಿತ್ರೆ ಪೂರ್ಣವಾಗುತ್ತದೆ.