ಕಾರಿನ ಜ್ವರ ಅಳೆದವರು

ಡ್ಯಾಶ್‌ಬೋರ್ಡಿನಲ್ಲಿ ಸಿ, ಎಚ್ ಅನ್ನುವ ಎರಡು ಅಕ್ಷರಗಳ ನಡುವೆ ಅಲ್ಲಾಡದೆ ಕೂತಿರುವ ಒಂದು ಮುಳ್ಳು ಇರುತ್ತಲ್ಲ, ಅದನ್ನು ದಿನಾ ನೋಡುವವರು ಎಷ್ಟು ಜನ ಇದ್ದೀರಿ? (ಈಗಿನ ಕೆಲವು ಕಾರುಗಳಲ್ಲಿ ಮುಳ್ಳೂ ಇಲ್ಲ, ಬರೀ ಒಂದು ದೀಪ.) ಈ ಬಡಪಾಯಿ ಮುಳ್ಳಿಗೂ ನೂರು ವರ್ಷ ದಾಟಿದ ಕತೆ ಇದೆ.

ಮೊದಮೊದಲ ಕಾರುಗಳಲ್ಲಿ ಅಳೆಯುವ ಮಾತೇ ಇರಲಿಲ್ಲ. ನೀರು ಕುದ್ದು ಆವಿಯಾಗುವುದೇ ಇಂಜಿನ್ ತಂಪು ಮಾಡುವ ವಿಧಾನ! 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳ ಜೊತೆ ಮ್ಯಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಕಾರಲ್ಲಿ ಹೊರಟಾಗ ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಹೋಗಬೇಕಾಯಿತು. ಘಾಟಿಯಲ್ಲಿ ಕ್ಯಾನ್ ಹಿಡಿದು ಝರಿ ಹುಡುಕುತ್ತಿದ್ದ ನಮ್ಮ ಲಾರಿ ಕ್ಲೀನರುಗಳಿಗೆ ಈಕೆಯೇ ಮೂಲ ಗುರು ಅನ್ನಬಹುದು :-)

ಆಮೇಲೆ ಬಂದದ್ದು ವಿಲ್‌ಹೆಲ್ಮ್ ಮೇಬಾಖ್ ಅವರ ಜೇನುಗೂಡಿನಂಥ ರೇಡಿಯೇಟರ್. 1901ರಲ್ಲಿ ರೇಸಿಗಿಳಿದ ಮರ್ಸಿಡಿಸ್ ಕಾರಿನ ಮೂತಿಯಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಇದ್ದಷ್ಟೇ ನೀರು ಸುತ್ತಿ ಸುತ್ತಿ ತಣಿಯತೊಡಗಿತು. 1908ರ ಫೋರ್ಡ್ ಟಿ ಮಾಡೆಲ್ಲಿನಲ್ಲಂತೂ ಮೊದಲ ಸುಮಾರು 2,500 ಕಾರುಗಳ ನಂತರ ನೀರಿನ ಪಂಪನ್ನೇ ತೆಗೆದುಹಾಕಿದರು. ಬಿಸಿನೀರು ತಾನಾಗಿಯೇ ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಪಂಪ್ ಯಾಕೆ? ಲೆಕ್ಕ ಸರಿ. ಆದರೆ ನೀರಿನ ಮಟ್ಟ ಮೇಲಿನ ಪೈಪಿಗಿಂತ ಕೆಳಗಿಳಿದರೆ ಸುತ್ತಾಟವೇ ಬಂದ್. ಮೂತಿಯಿಂದ ಹಬೆ ಏಳುವವರೆಗೂ ಡ್ರೈವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಇಲ್ಲಿ ಬರುತ್ತಾರೆ ಅಮೆರಿಕದ ಹ್ಯಾರಿಸನ್ ಬಾಯ್ಸ್. 1912ರ ಸುಮಾರಿಗೆ ಅವರು ಮಾಡಿದ್ದಿಷ್ಟೇ: ರೇಡಿಯೇಟರಿನ ಮುಚ್ಚಳಕ್ಕೆ ಒಂದು ಥರ್ಮಾಮೀಟರ್ ಸಿಕ್ಕಿಸಿದರು. ಸ್ಟೀರಿಂಗ್ ಹಿಂದೆ ಕೂತು ನೋಡಿದರೆ ದೂರದ ಬಾನೆಟ್ ತುದಿಯಲ್ಲಿ ಕೆಂಪು ಗೆರೆ ಏರುವುದು ಕಾಣಬೇಕು. ಅದೇ ಬಾಯ್ಸ್ ಮೋಟೋಮೀಟರ್. ಜನ ಶೋಕಿಗೂ ಹಾಕಿಸಿಕೊಂಡರು.

ನನಗೆ ಇದರಲ್ಲಿ ಇಷ್ಟವಾದದ್ದು ಶೋಕಿಯಲ್ಲ, ಅದು ಕೂತ ಜಾಗ. ಅದು ಅಳೆಯುತ್ತಿದ್ದದ್ದು ನೀರನ್ನಲ್ಲ, ನೀರಿನ ಮೇಲಿನ ಹಬೆಯನ್ನು. 1920ರ ದಶಕದ ಕೊನೆಗೆ ಮೀಟರು ಡ್ಯಾಶ್‌ಬೋರ್ಡಿಗೆ ಬಂತು, ಅಳೆಯುವ ಬುರುಡೆ ನೀರೊಳಗೆ ಮುಳುಗಿತು. ನೋಡಲು ಅನುಕೂಲವಾಯಿತು ನಿಜ. ಆದರೆ ಹೊಸ ತೊಂದರೆಯೂ ಜೊತೆಗೇ ಬಂತು. ಹೋಸ್ ಒಡೆದು ನೀರೆಲ್ಲ ಸೋರಿಹೋದರೆ ಬುರುಡೆಗೆ ತಾಗುವುದು ಬರೀ ಗಾಳಿ. ಒಳಗೆ ಹೆಡ್ ಬಾಗುತ್ತಿದ್ದರೂ ಮುಳ್ಳು ಮಾತ್ರ "ಎಲ್ಲ ಸರಿ ಇದೆ" ಅನ್ನಬಹುದು. ಇವತ್ತಿನ ಸೆನ್ಸರಿನದೂ ಇದೇ ಕತೆ.

ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಥರ್ಮಿಸ್ಟರ್ ಮುಂದೆ ಈ ಕೆಲಸಕ್ಕೆ ನಿಂತಿತು. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಬಂದಾಗ ಇಂಜಿನ್ ಎಷ್ಟು ಬಿಸಿ ಇದೆ ಅನ್ನುವುದು ಡ್ರೈವರಿಗಷ್ಟೇ ಅಲ್ಲ, ಪೆಟ್ರೋಲ್ ಅಳೆದು ಕೊಡುವ ಪೆಟ್ಟಿಗೆಗೂ ಬೇಕಾಯಿತು. (ತಮಾಷೆ ಅಂದರೆ ಅದನ್ನು ಮೊದಲು ಹಾಕಿದ ಫೋಕ್ಸ್‌ವ್ಯಾಗನ್ 1600ರಲ್ಲಿ ನೀರೇ ಇರಲಿಲ್ಲ, ಅದು ಗಾಳಿಯಿಂದ ತಣಿಯುವ ಇಂಜಿನ್!) ಅಂದಿನಿಂದ ಸೆನ್ಸರ್ ಕೆಟ್ಟರೆ ಮುಳ್ಳು ತಪ್ಪುವುದಷ್ಟೇ ಅಲ್ಲ. ಬಿಸಿ ಇಂಜಿನ್ನನ್ನೂ ತಣ್ಣಗಿದೆ ಅಂತ ನಂಬಿ ಪೆಟ್ರೋಲ್ ಸುರಿಯುತ್ತೆ, ಕಪ್ಪು ಹೊಗೆ, ಮೈಲೇಜ್ ಢಮಾರ್.

ಹುಡುಕುವುದಾದರೆ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಹಿಡಿದು ಇಂಜಿನ್ ಕಡೆ ಹೋಗಿ. ಅದು ಸೇರುವ ಜಾಗದ ಆಸುಪಾಸಿನಲ್ಲೇ ಸಾಮಾನ್ಯವಾಗಿ ಸೆನ್ಸರ್ ಇರುತ್ತೆ. ಹಳೆಯ ಹಲವು ಕಾರುಗಳಲ್ಲಿ ಎರಡಿರುತ್ತವೆ, ಒಂದು ತಂತಿಯದ್ದು ಮೀಟರಿಗೆ, ಎರಡು ತಂತಿಯದ್ದು ಕಂಪ್ಯೂಟರಿಗೆ. ಬಾಷ್ ಮಾದರಿಯದ್ದಾದರೆ ಮಲ್ಟಿಮೀಟರಿನಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ತೋರಿಸಬೇಕು. ಆದರೆ ಅದಕ್ಕೂ ಮುಂಚೆ, ಇಂಜಿನ್ ಪೂರ್ತಿ ತಣಿದ ಮೇಲೆ (ಬಿಸಿ ಇರುವಾಗ ದಯವಿಟ್ಟು ಮುಚ್ಚಳ ತೆಗೆಯಬೇಡಿ, ಕೈ ಮುಖ ಸುಟ್ಟುಕೊಳ್ಳುತ್ತೀರಿ) ಒಳಗೆ ನೀರು ಇದೆಯಾ ಅಂತ ಒಮ್ಮೆ ನೋಡಿ.