ಓಲೆ ಬುಲ್ಲನೂ ಗಿರಣಿಯವನ ಮಗನೂ

ಪಿಟೀಲು ಪಶ್ಚಿಮದಿಂದ ಬಂದ ವಾದ್ಯವೆಂಬುದನ್ನು ವಾಚಕಮಹಾಶಯರು ಬಲ್ಲರು. ಮುತ್ತುಸ್ವಾಮಿ ದೀಕ್ಷಿತರ ಸಹೋದರರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ದಾಕ್ಷಿಣಾತ್ಯ ಸಂಗೀತಕ್ಕೆ ಅಳವಡಿಸಿಕೊಂಡ ಮೇಲೆ ಅದು ನಮ್ಮದೇ ಆಗಿಹೋಯಿತು. ಆದರೆ ಅದರ ತವರಾದ ಯುರೋಪಖಂಡದಲ್ಲಿ ಈ ವಾದ್ಯಕ್ಕೆ ಎರಡು ಮನೆಗಳಿದ್ದುವು: ಒಂದು ನಗರದ ಸಭಾಮಂದಿರ, ಇನ್ನೊಂದು ಹಳ್ಳಿಯ ಮದುವೆಯ ಮನೆ. ಒಂದರಲ್ಲಿ ಬೆಳೆದು ಇನ್ನೊಂದನ್ನು ಮರೆಯದಿದ್ದ ನಾರ್ವೆ ದೇಶದ ವಾದಕನೊಬ್ಬನ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಓಲೆ ಬುಲ್ಲನು ಕ್ರಿ. ಶ. 1810ನೆಯ ಇಸವಿ ಫೆಬ್ರವರಿ 5ರಂದು ಬರ್ಗೆನ್ ಪಟ್ಟಣದಲ್ಲಿ ಔಷಧವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಬಾಲ್ಯದಲ್ಲಿಯೇ ಶಾಸ್ತ್ರೋಕ್ತವಾಗಿ ಪಿಟೀಲನ್ನು ಅಭ್ಯಸಿಸಿದನು. ಬೇಸಗೆಯಲ್ಲಿ ವಾಲೆಸ್ಟ್ರಾಂಡ್ ಎಂಬ ಹಳ್ಳಿಯ ಮನೆಗೆ ಹೋದಾಗ ರೈತರ ಕುಣಿತದ ಗತ್ತುಗಳನ್ನು ಕಿವಿದುಂಬ ಕೇಳಿದನು. ಧರ್ಮಶಾಸ್ತ್ರಾಧ್ಯಯನಕ್ಕೆಂದು ತಂದೆ 1828ರಲ್ಲಿ ರಾಜಧಾನಿಯಾದ ಕ್ರಿಸ್ಟಿಯಾನಿಯಕ್ಕೆ (ಈಗಿನ ಓಸ್ಲೊ) ಕಳುಹಿಸಲು, ಲ್ಯಾಟಿನ್ ಪರೀಕ್ಷೆಯಲ್ಲಿ ಅನುತ್ತೀರ್ಣನಾದನು. ಆ ಅಪಜಯವು ಸಂಗೀತಕ್ಕೆ ಲಾಭವಾಯಿತೆನ್ನಬೇಕು.

ಆ ರೈತರ ವಾದ್ಯದ ವಿಷಯವನ್ನು ತುಸು ವಿವರಿಸುವುದು ಅವಶ್ಯ. ಅದಕ್ಕೆ ಹಾರ್ಡಾಂಗರ್ ಪಿಟೀಲೆಂದು ಹೆಸರು. ಕಮಾನು ಆಡುವ ನಾಲ್ಕು ತಂತಿಗಳ ಕೆಳಗೆ ತಾವೇ ಅನುರಣಿಸುವ ನಾಲ್ಕೈದು ತಂತಿಗಳಿರುವುವು. ನಮ್ಮ ಸಾರಂಗಿಯ ತರಫುಗಳನ್ನು ಕೇಳಿದವರಿಗೆ ಇದು ಸುಲಭವಾಗಿ ತಿಳಿದೀತು. ಕುದುರೆಯು ಹೆಚ್ಚು ಕಡಿಮೆ ಚಪ್ಪಟೆಯಾಗಿರುವುದರಿಂದ ಎರಡು ತಂತಿಗಳು ಕೂಡಿಯೇ ನುಡಿಯುವುವು. ಒಡಲಿಗೆ ಮುತ್ತಿನ ಚಿಪ್ಪಿನ ಕುಸುರಿಕೆಲಸ. ಇಂತಹ ಸುಂದರ ವಾದ್ಯವನ್ನು ಆ ಕಾಲದ ಧರ್ಮಭೀರುಗಳಾದ ಅನೇಕರು ಸೈತಾನನ ವಾದ್ಯವೆಂದು ಹಳಿದರು. ಎಷ್ಟೋ ಪಿಟೀಲುಗಳು ಬೆಂಕಿಗೆ ಆಹುತಿಯಾದುವು. ಪಟ್ಟಣಿಗರಾದರೋ ಅದನ್ನು ಗಮನಕ್ಕೇ ತರಲಿಲ್ಲ. ಡೆನ್ಮಾರ್ಕಿನಿಂದ 1814ರಲ್ಲಿ ಬಿಡುಗಡೆಹೊಂದಿ ಸ್ವೀಡನ್ನಿನ ಅರಸನ ಕೈಕೆಳಗೆ ಬಂದ ಆ ನಾಡಿನಲ್ಲಿ ಓದುಬರಹವೆಲ್ಲ ಡೇನಿಷ್ ಭಾಷೆಯಲ್ಲಿಯೇ ನಡೆಯುತ್ತಿದ್ದಿತು. ಸ್ವದೇಶದ್ದೆಂದರೆ ಒರಟೆಂಬ ಭಾವನೆ.

1831ರಲ್ಲಿ ಬುಲ್ಲನು ಟೆಲೆಮಾರ್ಕ್ ಸೀಮೆಯ ಟೋರ್ಗೈರ್ ಔಗುನ್ಸನ್ ಎಂಬ ಬಡ ವಾದಕನನ್ನು ಕಂಡು ಆತನ ಗತ್ತುಗಳನ್ನು ಬರೆದುಕೊಂಡನು. ತಂದೆ ಗಿರಣಿಯವನಾದುದರಿಂದ ಜನರು ಈತನನ್ನು 'ಮಿಲ್ಲರ್ಗುಟೆನ್', ಅಂದರೆ ಗಿರಣಿಯ ಹುಡುಗ, ಎಂದೇ ಕರೆಯುತ್ತಿದ್ದರು. ಅದೇ ವರ್ಷ ಪ್ಯಾರಿಸಿಗೆ ತೆರಳಿದ ಬುಲ್ಲನು 1833ರಲ್ಲಿ ಅಲ್ಲಿಯ ಸಭೆಯೊಂದರಲ್ಲಿ ಹಾರ್ಡಾಂಗರ್ ಪಿಟೀಲನ್ನು ನುಡಿಸಿದನು. ಮುಂದೆ ಇಟಲಿ, ಇಂಗ್ಲೆಂಡ್, ಅಮೇರಿಕ ಮುಂತಾದೆಡೆ ಆತನು ಗಳಿಸಿದ ಕೀರ್ತಿಯನ್ನು ವಿಸ್ತರಿಸುವ ಕಾರಣವಿಲ್ಲ. ತನ್ನ ಸಭೆಯ ಪಿಟೀಲಿಗೂ ಚಪ್ಪಟೆ ಕುದುರೆಯನ್ನೇ ಹೂಡಿಸಿ ನಾಲ್ಕು ತಂತಿಗಳ ಸ್ವರಮೇಳವನ್ನು ಹೊರಡಿಸುತ್ತಿದ್ದನೆಂಬುದು ಮಾತ್ರ ಸ್ಮರಣೀಯ. ಹಳ್ಳಿಯ ಋಣವು ಆತನ ಕೈಯಲ್ಲಿಯೇ ಇದ್ದಿತು.

ಆದರೆ ಪರರ ಗತ್ತುಗಳನ್ನು ಅಲಂಕರಿಸಿ ನುಡಿಸಿ ಚಪ್ಪಾಳೆಯನ್ನು ತಾನೇ ಪಡೆಯುವುದು ದೊಡ್ಡ ವಿದ್ವಾಂಸನಿಗೆ ಕಷ್ಟವಾದುದಲ್ಲ. ಬುಲ್ಲನಲ್ಲಿಯೂ ಈ ಚಾಪಲ್ಯವಿದ್ದಿತೆಂದು ನನ್ನ ಅಭಿಪ್ರಾಯ. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ 1849ನೆಯ ಇಸವಿ ಜನವರಿ 15ರಂದು ಆತನು ಗಿರಣಿಯ ಹುಡುಗನನ್ನು ರಾಜಧಾನಿಯ ಸಭಾಮಂದಿರಕ್ಕೆ ಕರೆತಂದು, ವಿದ್ಯಾವಂತರ ಎದುರಿನಲ್ಲಿ ಆತನಿಂದಲೇ ನುಡಿಸಿದನು. ಅಂದಿನವರೆಗೆ ಮದುವೆಮನೆಗಳಲ್ಲಿ ಕುಣಿಯುವವರ ಕಾಲಿಗಾಗಿ ನುಡಿದ ಗತ್ತನ್ನು ನಗರದವರು ಮೌನವಾಗಿ ಕುಳಿತು ಕೇಳಿದರು. ಕುಣಿತವಿಲ್ಲದ ಗತ್ತು ಅರ್ಧ ಗತ್ತೆಂದು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಸತ್ಯವೂ ಉಂಟು. ಆದರೂ ಗ್ರಾಮವಾದಕನಿಗೆ ಸಭಾಪೀಠವು ತೆರೆದುದು ಅಂದೇ.

ಮರುವರ್ಷ ಬರ್ಗೆನ್ನಿನಲ್ಲಿ ಬುಲ್ಲನು ಸ್ಥಾಪಿಸಿದ ನಾಟ್ಯಶಾಲೆಗೆ 1851ರಲ್ಲಿ ತರುಣ ಇಬ್ಸೆನ್ನನು ಬಂದು ಸೇರಿದನು. 1852ರಲ್ಲಿ ಅಮೇರಿಕದಲ್ಲಿ ಹೂಡಿದ ವಸಾಹತು ಶೀಘ್ರದಲ್ಲಿಯೇ ಮುರಿದುಬಿದ್ದಿತು. 1858ರಲ್ಲಿ ಹದಿನೈದರ ಬಾಲಕ ಗ್ರೀಗನ ವಾದನವನ್ನು ಕೇಳಿ, ಲೈಪ್ಸಿಗ್ ಪಟ್ಟಣಕ್ಕೆ ಕಲಿಯಲು ಕಳುಹಿಸುವಂತೆ ತಾಯಿತಂದೆಗಳನ್ನು ಒಡಂಬಡಿಸಿದನು. ಮಿಲ್ಲರ್ಗುಟೆನ್ 1872ರಲ್ಲಿ ಬಡವನಾಗಿಯೇ ತೀರಿಕೊಂಡನು. ಬುಲ್ಲನು 1880ನೆಯ ಇಸವಿ ಆಗಸ್ಟ್ 17ರಂದು ದೇಹವಿಟ್ಟನು.

ಗಿರಣಿಯ ಹುಡುಗನಿಂದ ಕಲಿತಿದ್ದ ಕ್ನುಟ್ ಡಾಲೆ ಎಂಬಾತನು, ಈ ಗತ್ತುಗಳು ತನ್ನೊಡನೆಯೇ ಮಣ್ಣುಗೂಡುವುವೆಂದು ಚಿಂತಿಸಿ 1888ರಲ್ಲಿ ಗ್ರೀಗನಿಗೆ ಪತ್ರ ಬರೆದನು. ಕೆಲಸವು ಕೈಗೂಡಲು 1901ರವರೆಗೆ ಕಾಯಬೇಕಾಯಿತು. ಆಗ ಗ್ರೀಗನ ಕೋರಿಕೆಯಂತೆ ಯೋಹಾನ್ ಹಾಲ್ವೋರ್ಸನ್ ಎಂಬ ಮತ್ತೊಬ್ಬ ಶಾಸ್ತ್ರಶಿಕ್ಷಿತ ಪಿಟೀಲುಗಾರನು ಮುದುಕನ ಎದುರಿಗೆ ಕುಳಿತು 17 ಗತ್ತುಗಳನ್ನು ಬರೆದುಕೊಂಡನು. ಗ್ರೀಗನು ಅವುಗಳನ್ನು ಪಿಯಾನೊವಿಗೆ ಹೊಂದಿಸಿದನು. ಹಾಲ್ವೋರ್ಸನ್ನನು ಬರೆದ ಪಿಟೀಲಿನ ಪಾಠವೂ ತನ್ನದರ ಜೊತೆಯಲ್ಲಿಯೇ ಅಚ್ಚಾಗಬೇಕೆಂದು ಪಟ್ಟುಹಿಡಿದನು. 1903ರಲ್ಲಿ ಎರಡೂ ಪುಸ್ತಕಗಳು ಒಟ್ಟಿಗೆ ಹೊರಬಂದುವು.