ಖಾಲಿ ಮನೆಗೆ ಬಂದ ನೀಲಿ ಹರಳು

ಮೆಂಡೆಲೀವ್ ತನ್ನ ಆವರ್ತ ಕೋಷ್ಟಕದಲ್ಲಿ ಕೆಲವು ಮನೆಗಳನ್ನು ಖಾಲಿ ಬಿಟ್ಟದ್ದನ್ನೂ, 1875ರಲ್ಲಿ ಗ್ಯಾಲಿಯಂ ಸಿಕ್ಕಿ ಅವುಗಳಲ್ಲೊಂದು ತುಂಬಿದ್ದನ್ನೂ ನೀವು ಓದಿರುತ್ತೀರಿ. ಅಂಥದೇ ಇನ್ನೊಂದು ಖಾಲಿ ಮನೆಯ ಕಥೆಯಿದೆ. ಅದನ್ನು ತುಂಬಿದ್ದು ಬೆನಿಟೊಯೈಟ್ ಎಂಬ ಅಪರೂಪದ ಸಿಲಿಕೇಟ್ ಖನಿಜ.

ಜರ್ಮನಿಯ ಮಾರ್ಬರ್ಗ್‌ನಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಯೋಹಾನ್ ಹೆಸೆಲ್ 1830ರಲ್ಲಿ ಒಂದು ಲೆಕ್ಕ ಪ್ರಕಟಿಸಿದ. ಹರಳೊಂದನ್ನು ಅದರ ಅಕ್ಷದ ಸುತ್ತ ಒಂದು ಪೂರ್ಣ ಸುತ್ತು ತಿರುಗಿಸಿದರೆ ಅದು ಎರಡು, ಮೂರು, ನಾಲ್ಕು ಅಥವಾ ಆರು ಬಾರಿ ಮೊದಲಿನಂತೆಯೇ ಕಾಣಬಹುದು. ಐದು ಬಾರಿ ಮಾತ್ರ ಸಾಧ್ಯವಿಲ್ಲ. ಏಕೆ? ಸಮ ಪಂಚಭುಜಾಕೃತಿಯ ರಟ್ಟಿನ ತುಂಡುಗಳನ್ನು ಕತ್ತರಿಸಿ ಮೇಜಿನ ಮೇಲೆ ಹಾಸಿ ನೋಡಿ. ನಡುವೆ ಸಂದು ಉಳಿದೇ ಉಳಿಯುತ್ತದೆ! ಇಂಥ ನಿರ್ಬಂಧಗಳಿಗೆ ಒಳಪಟ್ಟು ಹರಳುಗಳಿಗೆ ಒಟ್ಟು 32 ಸಮಮಿತಿ ವರ್ಗಗಳು ಮಾತ್ರ ಸಾಧ್ಯವೆಂದು ಹೆಸೆಲ್ ತೋರಿಸಿದ. ಯಾರೂ ಗಮನ ಕೊಡಲಿಲ್ಲ. 1867ರಲ್ಲಿ ರಷ್ಯಾದ ಸೇನಾಧಿಕಾರಿ ಗಾಡೋಲಿನ್ ಅದೇ 32ನ್ನು ತಾನೇ ಕಂಡುಕೊಂಡ. ಹೆಸೆಲ್ 1872ರಲ್ಲಿ ತೀರಿಕೊಂಡ.

ಆ ಪಟ್ಟಿಯಲ್ಲಿ ಒಂದು ವರ್ಗವಿತ್ತು. ಅದರ ಹರಳು ತ್ರಿಕೋನಾಕಾರವಾಗಿದ್ದು, ಮೇಲರ್ಧವು ಕೆಳಗಿನ ಅರ್ಧದ ಕನ್ನಡಿ ಬಿಂಬದಂತೆ ಇರಬೇಕು. ಲೆಕ್ಕದಲ್ಲಿ ಅದಕ್ಕೆ ಜಾಗವಿತ್ತು, ಆದರೆ ಅಂಥ ಖನಿಜ ಒಂದೂ ಸಿಕ್ಕಿರಲಿಲ್ಲ.

1907ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಪ್ರದೇಶದಲ್ಲಿ ಅದಿರು ಹುಡುಕುತ್ತಿದ್ದವರಿಗೆ ನೀಲಿ ಹರಳುಗಳು ದೊರೆತವು. ನೀಲಮಣಿಯೆಂದೇ ಮೊದಲು ಭಾವಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷಿಸಿದಾಗ ನಿಜ ತಿಳಿಯಿತು. ನೀಲಮಣಿ ಅಲ್ಯೂಮಿನಿಯಂ ಆಕ್ಸೈಡ್, ಗಡಸುತನ 9. ಇದು ಬೇರಿಯಂ ಮತ್ತು ಟೈಟಾನಿಯಂಗಳ ಸಿಲಿಕೇಟ್, ಗಡಸುತನ 6ರಿಂದ 6.5. ಹರಳಿನ ಆಕಾರವೋ, 77 ವರ್ಷ ಖಾಲಿ ಬಿದ್ದಿದ್ದ ಆ ವರ್ಗದ್ದೇ!

ಇದರ ಗುಣಗಳೂ ಸೊಗಸು. ಒಂದು ದಿಕ್ಕಿನಿಂದ ನೋಡಿದರೆ ನೀಲಿ, ಇನ್ನೊಂದರಿಂದ ಬಹುಮಟ್ಟಿಗೆ ಬಣ್ಣರಹಿತ. ಬೆಳಕನ್ನು ಬಣ್ಣಗಳಾಗಿ ಒಡೆಯುವುದರಲ್ಲಿ ವಜ್ರಕ್ಕೆ ಸರಿಸಾಟಿ. ಕಿರುತರಂಗದ ನೇರಳಾತೀತ ಕಿರಣ ಬಿದ್ದರೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತದೆ.

ಹೊರಗಿನ ತ್ರಿಕೋನ ಬಂದದ್ದೆಲ್ಲಿಂದ? ಹೆಸೆಲನ ಲೆಕ್ಕಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ, 1930ರಲ್ಲಿ, ಜಕಾರಿಯಾಸೆನ್ ಎಂಬ ವಿಜ್ಞಾನಿ ಈ ಹರಳಿನ ಒಳರಚನೆಯನ್ನು ಬಿಡಿಸಿದ. ಮೂರು ಸಿಲಿಕಾನ್ ಪರಮಾಣುಗಳು ಒಂಬತ್ತು ಆಕ್ಸಿಜನ್ ಪರಮಾಣುಗಳೊಡನೆ ಸೇರಿ ಉಂಗುರದಂತೆ ಕೂತಿದ್ದವು. ಒಳಗೂ ಮೂರು, ಹೊರಗೂ ಮೂರು.

1985ರಲ್ಲಿ ಕ್ಯಾಲಿಫೋರ್ನಿಯಾ ಇದನ್ನು ತನ್ನ ರಾಜ್ಯರತ್ನವೆಂದು ಘೋಷಿಸಿತು. ಹರಳಿಗೆ ಉಳಿದದ್ದು ಅದು ಸಿಕ್ಕ ಊರಿನ ಹೆಸರು. ಅದಕ್ಕೆ ಮೊದಲೇ ಮನೆ ಕಟ್ಟಿಟ್ಟಿದ್ದ ಹೆಸೆಲನದಲ್ಲ.